ಬಿಳಿ ಉಳಿದರೆ

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಅನ್ನುತ್ತಾರೆ.
ಈ ಊರಿಗೆ ನೀರೇ ಬಂತು, ಹೊಸಕೋಟೆ ದಾರಿಯಲ್ಲಿ,
ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಮಂಗಳವಾರ:
ಇಪ್ಪತ್ತನಾಲ್ಕು ಬಾಟಲಿ ಬಂಗಾಳ ಕೊಲ್ಲಿ.
ಇನ್ನೂರು ಮೀಟರ್ ಆಳದಲ್ಲಿ ಇದ್ದದ್ದು
ಒಂಬೈನೂರು ಮೀಟರ್ ಎತ್ತರ ಹತ್ತಿ
ಹೆಬ್ಬಾಳದ ಲ್ಯಾಬಿನಲ್ಲಿ, ನನ್ನ ಮೇಜಿನ ಮೇಲೆ
ಬೆವರುತ್ತಾ ಕೂತಿದೆ.
ಕಡಲನ್ನು ನಾನು ಕಂಡಿಲ್ಲ.
ಸಹಿ ಮಾಡಿ ತೆಗೆದುಕೊಂಡಿದ್ದೇನೆ, ಅಷ್ಟೇ.

ಹಡಗಿನಿಂದ ಶೆಂಬಗವಲ್ಲಿಯ ಚೀಟಿ:
ಪಾದರಸದ ಉಪ್ಪು ಹಾಕಿದೆ, ಒಳಗಿನವೆಲ್ಲ ಸತ್ತಿವೆ,
ಕೈಗವಸು ಮರೆಯಬೇಡ.
ಸಾಯುವ ಮೊದಲು ಅವು ಏನು ಮಾಡುತ್ತಿದ್ದವೋ
ಅದರ ಲೆಕ್ಕ ತೆಗೆಯುವುದಕ್ಕೆ ನನಗೆ ಸಂಬಳ.

ಮೇಲಿನಿಂದ ಉದುರುವ ಸತ್ತ ಪಾಚಿ, ಮೀನಿನ ಹೇಲು
ಕೊಳೆತು ಕೊಳೆತು ಆಮ್ಲಜನಕ ತೀರಿದ ಮೇಲೆ
ಅವು ನೈಟ್ರೇಟನ್ನೇ ಉಸಿರಾಡುತ್ತವೆ.
ಸಾರಜನಕದ ಮೈಮೇಲಿನ ಆಮ್ಲಜನಕ
ಒಂದೊಂದಾಗಿ ಬಿಚ್ಚಿ,
ಸಂಸಾರ ಸಾಗಲಿ ಎಂದು ಬಳೆ, ಓಲೆ, ಸರ
ಅಡವಿಟ್ಟ ಹಾಗೆ.
ನಡುವಿನ ಒಂದು ಮೆಟ್ಟಿಲಲ್ಲಿ ನಗೆಗಾಳಿ,
ಹಲ್ಲಿನ ಡಾಕ್ಟರು ಮೂಗಿಗೆ ಹಿಡಿಯುವುದೇ.
ಕೊನೆಗೆ ಬರಿಗೈಯ ಜೋಡಿ ಸಾರಜನಕ,
ಗುಳ್ಳೆಯೂ ಆಗದೆ ನೀರಿನಲ್ಲಿ ಕರಗಿ,
ಎಂದಾದರೊಂದು ದಿನ ಮೇಲೆ ಬಂದು
ಆಕಾಶಕ್ಕೆ ಸೇರಿ, ಪಾಚಿಯ ಹೊಟ್ಟೆಗೆ ಇಲ್ಲವಾಗುತ್ತದೆ.
ಸಾರದ ಜನಕ ಎಂದು ಹೆಸರಿಟ್ಟವರು
ಜನಕ ಹೀಗೆ ಮನೆ ಬಿಟ್ಟು ಹೋಗುವುದನ್ನು
ನೋಡಿರಲಿಕ್ಕಿಲ್ಲ.

ಬಂಗಾಳ ಕೊಲ್ಲಿ ಮಾತ್ರ ಇನ್ನೂ ಹೊಸ್ತಿಲ ಮೇಲಿದೆ.
ಸಾವಿರ ಕೋಟಿ ನೀರಿನ ಕಣಕ್ಕೆ
ಒಂದೋ ಎರಡೋ ಆಮ್ಲಜನಕ ಉಳಿದಿದೆಯಂತೆ.
ಅಷ್ಟಕ್ಕೇ ಬಾಗಿಲು ಪೂರ್ತಿ ತೆರೆದಿಲ್ಲ.
ಅಷ್ಟಕ್ಕೇ!
ನಾನು ಬಸ್ಸಿನಲ್ಲಿ ಆಕಳಿಸಿದರೆ
ಬಾಯಿಂದ ಅದಕ್ಕಿಂತ ಹೆಚ್ಚು ಹೊರಬೀಳುತ್ತದೆ.

ಶನಿವಾರ ವರ್ತೂರು ಕೆರೆ, ಪಿಳ್ಳಪ್ಪನ ತೆಪ್ಪ.
ನೊರೆ ಇವತ್ತು ಮೊಳಕಾಲಿನಷ್ಟೇ.
ಗೆಂಡೆ ಮೀನು ಬೀಳುತ್ತಿದ್ದ ಜಾಗ ತೋರಿಸಿದ.
ಕೊಲ್ಲಿಯ ಕತೆ ಹೇಳಿದೆ. ಹುಟ್ಟು ನಿಲ್ಲಿಸಿದ.
"ಅಂದ್ರೆ ಸಕ್ಕರೆ ಇಲ್ದಾಗ ಬೆಲ್ಲದ ಕಾಫಿ?"
"ಹೂಂ, ಅದೇ."
"ಬೆಲ್ಲಾನೂ ತೀರಿದ್ರೆ?"
ಗಾಳಿ ನಮ್ಮ ಕಡೆ ತಿರುಗಿತು, ಕೊಳೆತ ಮೊಟ್ಟೆಯ ಗಾಳಿ.
ಅವನಿಗೆ ನಾನು ಹೇಳುವುದೇನು,
ಅವನ ಹೆಂಡತಿಯ ಬೆಳ್ಳಿ ಕಾಲುಂಗುರ
ತಿಂಗಳಿಗೊಮ್ಮೆ ತಾನಾಗಿ ಕಪ್ಪಾಗುತ್ತದೆ.

ಕೋಡಿ ದಾಟಿದರೆ ಪಿನಾಕಿನಿ. ಹೊಸೂರು, ಕೃಷ್ಣಗಿರಿ,
ಅವನ ಅಳಿಯನ ಊರು ತಿರುಕೋವಿಲೂರು, ಆಮೇಲೆ ಕಡಲೂರು.
"ನಮ್ಮ ಊರಿನ ಉಚ್ಚೆ ಅಲ್ಲೀತನಕ ಹೋಗ್ತದಾ?"
"ನಡುವೆ ಅಣೆಕಟ್ಟುಗಳಿವೆ. ಎಲ್ಲಾ ಹೋಗಲ್ಲ."
"ಒಂದು ಚೊಂಬು?"
ಒಂದು ಚೊಂಬಿನ ಲೆಕ್ಕ
ನನ್ನ ಯಂತ್ರಕ್ಕೂ ಗೊತ್ತಿಲ್ಲ.

ಕೆರೆಯನ್ನು ಗಾಜಿನ ಬಾಟಲಿಗೆ ತುಂಬಿ
ಎರಡು ದ್ರಾವಣ ಬಿಟ್ಟು, ಬಿರಡೆ ಒತ್ತಿ, ತಲೆಕೆಳಗು ಮಾಡಿದೆ.
ಕಂದು ಬಂದರೆ ಉಸಿರಿದೆ,
ಬಿಳಿ ಉಳಿದರೆ ಇಲ್ಲ.
ಬಿಳಿ.
ಒಡೆದ ಹಾಲಿನಂತೆ ನಿಧಾನ ಇಳಿದು ಕೂತಿತು.

ಪಿಳ್ಳಪ್ಪ ಬಾಟಲಿ ಕಿತ್ತುಕೊಂಡು
ವೈಟ್‌ಫೀಲ್ಡಿನ ಕಟ್ಟಡಗಳ ಸಂದಿಯ ಬಿಸಿಲಿಗೆ ಹಿಡಿದ,
ಕೂಸನ್ನು ಎತ್ತಿ ನೋಡುವವನ ಹಾಗೆ.
"ಇಲ್ನೋಡಮ್ಮ, ತಳದಾಗೆ ಒಂಚೂರು ಕಾಫಿ ಬಣ್ಣ."
ನೋಡಿದೆ. ಅವನ ಹೆಬ್ಬೆರಳಿನ ನೆರಳಿರಬಹುದು.
ನೊರೆ ತೆಪ್ಪದ ಅಂಚಿಗೆ ಬಂದು ಸುಮ್ಮನೆ ಒಡೆಯುತ್ತಿತ್ತು.
ಪುಸ್ತಕದಲ್ಲಿ ಸೊನ್ನೆ ಬರೆಯಲು ಹೊರಟವಳು
ಮುಕ್ಕಾಲು ಸುತ್ತಿಗೆ
ಪೆನ್ನು ನಿಲ್ಲಿಸಿ ಮತ್ತೆ ನೋಡಿದೆ.